ಹದಿನೈದರ ಪಕ್ಕದ ಚುಕ್ಕೆ

ಪ್ರಯೋಗಾಲಯದಲ್ಲಿ ಆಕೆಗೆ ಬಿದ್ದಿದ್ದ ಹೆಸರು ಗಾಬರಿ ಮೇಡಂ. ಎದುರಿಗೇ ಹಾಗೆ ಕರೆಯುವ ಧೈರ್ಯ ಇದ್ದದ್ದು ಗಂಡನಿಗೆ ಮಾತ್ರ. ಅವನಿಗೂ ಅಲ್ಲೇ ಕೆಲಸ. ಓದುವಾಗಲೇ ಜೊತೆಗಿದ್ದವರು, ಅಲ್ಲೇ ಜಗಳವಾಡಿ ಅಲ್ಲೇ ಮದುವೆ ಗೊತ್ತುಮಾಡಿಕೊಂಡವರು. ಈಗ ಪಂಪು, ಸಿಲಿಂಡರು, ಗಾಜಿನ ಕೊಳವೆ ಅವಳ ಪಾಲು. ಲೇಸರು, ಕನ್ನಡಿ ಅವನ ಪಾಲು.

ಕೊಳವೆಗೆ ಅನಿಲ ತುಂಬಿ, ಕಣ್ಣಿಗೆ ಕಾಣದ ಅತಿಗೆಂಪು ಬೆಳಕನ್ನು ಹಾಯಿಸುವುದು ಅವರ ಕೆಲಸ. ಬೆಳಕು ಕುಡಿದ ಅಣುಗಳು ಅಮಲೇರಿದಂತೆ ಕುಣಿಯುತ್ತವೆ. ಅಕ್ಕಪಕ್ಕದವಕ್ಕೆ ಡಿಕ್ಕಿ ಹೊಡೆದು, ಶಕ್ತಿ ದಾಟಿಸಿ ತೆಪ್ಪಗಾಗುತ್ತವೆ. ಒಂದೊಂದು ಡಿಕ್ಕಿಗೆ ಎಷ್ಟು ದಾಟಿತು ಅನ್ನುವುದನ್ನು ಅಳೆಯಬೇಕು. ಈ ಮಹಾತಾಯಿಯ ಗಾಬರಿಗೆ ಆ ನಿಯಮ ಅನ್ವಯಿಸುತ್ತಿರಲಿಲ್ಲ. ಸಿಕ್ಕಸಿಕ್ಕವರಿಗೆಲ್ಲ ಹಂಚಿದರೂ ಅವಳಲ್ಲಿ ಒಂದು ಚೂರೂ ಕಡಿಮೆಯಾಗುತ್ತಿರಲಿಲ್ಲ!

ಗಾಬರಿಗೆ ಕಾರಣವಿತ್ತು. ಲೇಸರು ತಪ್ಪಿ ಕಣ್ಣಿಗೆ ಬಿದ್ದರೆ ಬೆಳಕೂ ಕಾಣುವುದಿಲ್ಲ, ನೋವೂ ಆಗುವುದಿಲ್ಲ, ಒಳಗಿನ ಪರದೆ ಮಾತ್ರ ಸುಟ್ಟಿರುತ್ತದೆ. ಅದಕ್ಕೇ ಬಾಗಿಲಲ್ಲಿ ಒಂದು ತಟ್ಟೆ ಇಟ್ಟಿದ್ದಳು. ಉಂಗುರ, ಗಡಿಯಾರ, ಲೇಸರನ್ನು ಕಣ್ಣಿಗೆ ಚಿಮ್ಮಿಸುವಂಥ ಹೊಳೆಯುವುದೆಲ್ಲ ಅದರಲ್ಲಿ ಬಿಚ್ಚಿಟ್ಟೇ ಒಳಗೆ ಬರಬೇಕು. ಗಂಡ ಉಂಗುರವನ್ನೇನೋ ಬಿಚ್ಚುತ್ತಿದ್ದ, ರಕ್ಷಣೆಯ ಕನ್ನಡಕ ಮಾತ್ರ ಹಣೆಯ ಮೇಲೇ ಇರುತ್ತಿತ್ತು.

"ಹಾಕ್ಕೊಳ್ರೀ, ನಿಮ್ಮ ಕಾಲಿಗೆ ಬೀಳ್ತೀನಿ."

"ಇದನ್ನ ಹಾಕ್ಕೊಂಡ್ರೆ, ಲೇಸರ್ ಬಿದ್ದ ಕಡೆ ಹೊಳೆಯೋ ಕಾರ್ಡ್ ಇದೆಯಲ್ಲ, ಅದರ ಮೇಲಿನ ಚುಕ್ಕೆ ಸರಿಯಾಗಿ ಕಾಣಲ್ಲ ಕಣೇ. ಕುರುಡನ ಹಾಗೆ ಕನ್ನಡಿ ತಿರುಗಿಸ್ಲಾ?"

ದಿನಾ ಬೆಳಿಗ್ಗೆ ಲೇಸರು ಹಚ್ಚುವ ಮುಂಚೆ ಇಬ್ಬರೂ ಗೋಡೆಯ ಕ್ಯಾಲೆಂಡರಿನ ಮುಂದೆ ನಿಲ್ಲಬೇಕು. ಒಂದು ಕಣ್ಣು ಮುಚ್ಚಿ ಹದಿನೈದನೇ ತಾರೀಖನ್ನೇ ದಿಟ್ಟಿಸುತ್ತ, ಸುತ್ತಲಿನ ತಾರೀಖಿನ ಮನೆಗಳು ಕಾಣುತ್ತಿವೆಯೇ ಎಂದು ನೋಡಬೇಕು. ಇದೂ ಅವಳದೇ ಕಟ್ಟಳೆ. "ಎಲ್ಲಾ ಇದಾವೆ ಗಾಬರಿ ಮೇಡಂ, ಒಂದೂ ಓಡಿಹೋಗಿಲ್ಲ" ಎಂದು ಅವನು ನಗುತ್ತಿದ್ದ.

ನಿನ್ನೆ ಅವನು ಕಂಪ್ಯೂಟರಿನ ಪರದೆಯ ಮೇಲಿನ ಅಂಕಿಯೊಂದನ್ನು ತಪ್ಪಾಗಿ ಓದಿದ್ದ. ಅಷ್ಟೇ ಸಾಕಾಯಿತು ಇವಳಿಗೆ. ಇವರು ಕ್ಯಾಲೆಂಡರನ್ನು ನೋಡಿ ಹೇಳುತ್ತಾರೋ, ಬಾಯಿಪಾಠ ಒಪ್ಪಿಸುತ್ತಾರೋ ಎಂಬ ಅನುಮಾನ ಹೊಕ್ಕಿತು. ಈ ದಿನ ಬೇಗ ಬಂದವಳೇ ಹದಿನಾರರ ಮೇಲೆ ಕೆಂಪು ಪೆನ್ನಿನಿಂದ ಕಡಲೆಕಾಳಿನಷ್ಟು ಚುಕ್ಕೆಯಿಟ್ಟಳು. 'ಇದೇನೇ ಬಳಿದಿದ್ದೀಯ' ಎಂದು ಅವರು ಬೈದುಬಿಡಲಿ ದೇವರೇ ಎಂದುಕೊಂಡಳು.

ಅವನು ಎಡಗಣ್ಣು ಮುಚ್ಚಿ ಹದಿನೈದನ್ನು ನೋಡಿದ. "ಎಲ್ಲಾ ಇದಾವೆ."

"ಪಕ್ಕದಲ್ಲಿ?"

"ಹದಿನಾರು. ಇನ್ನೇನಿರುತ್ತೆ?"

ಅವಳು ಅವನ ಬೆರಳು ಹಿಡಿದು ಚುಕ್ಕೆಯ ಮೇಲಿಟ್ಟಳು. ದೃಷ್ಟಿ ಸರಿಸಿ ನೋಡಿದ ಮೇಲಷ್ಟೇ ಅವನಿಗೆ ಕೆಂಪು ಚುಕ್ಕೆ ಕಂಡಿತು.

"ಯಾವಾಗಿಂದ?"

"ಬೇಸಿಗೆಯಿಂದ ಸ್ವಲ್ಪ ಮಬ್ಬಿತ್ತು. ಹೇಳಿದ್ರೆ ಲೇಸರ್ ಬಂದ್ ಮಾಡಿಸಿಬಿಡ್ತೀಯ ಅಂತ... ಅಳೆಯೋಕೆ ಇನ್ನೊಂದೇ ಒಂದು ಅನಿಲ ಬಾಕಿ ಇತ್ತಲ್ಲೇ."

"ಹೊಟ್ಟೆ ಉರಿಸ್ತೀರಲ್ರೀ! ದಿನಾ ಬಾಯಿ ಬಡ್ಕೊಂಡೆ, ನಕ್ಕೇ ನಕ್ರಿ!" ಸಿಟ್ಟಿನ ಜೊತೆಗೇ ಅಳುವೂ ಉಕ್ಕಿ ಬಂತು. ಲೇಸರಿನ ಕೀಲಿಯನ್ನು ಕಿತ್ತು ಪರ್ಸಿಗೆ ಹಾಕಿದಳು. "ನಡೀರಿ ಕಣ್ಣಿನ ಆಸ್ಪತ್ರೆಗೆ."

ತಟ್ಟೆಯಿಂದ ಉಂಗುರ ತೆಗೆದುಕೊಂಡ. ಹಾಕಿಕೊಳ್ಳದೆ ಅದನ್ನು ಮತ್ತೆ ತಟ್ಟೆಗೇ ಹಾಕಿ ಕ್ಯಾಲೆಂಡರಿನತ್ತ ತಿರುಗಿದ.

"ಇನ್ನೊಂದು ಕಣ್ಣೂ ನೋಡಿಬಿಡೇ" ಎಂದ.

ಇಷ್ಟು ವರ್ಷದಲ್ಲಿ ಅವನಾಗಿಯೇ ಕೇಳಿದ್ದು ಇದೇ ಮೊದಲು. ಅವನನ್ನು ಆ ಕಡೆ ತಿರುಗಿಸಿ ನಿಲ್ಲಿಸಿ, ಅವಳು ಪೆನ್ನು ತೆಗೆದು ಮತ್ತೆ ಕರೆದಳು. ಅವನು ಬಲಗಣ್ಣು ಮುಚ್ಚಿದ.

"ಹದಿನಾರರಲ್ಲಿ ಚುಕ್ಕೆ ಇದೆ. ಹದಿನಾಲ್ಕರಲ್ಲೂ ಇನ್ನೊಂದು ಇದೆ... ಈಗ ಇಟ್ಟೆಯಾ?"

"ಹೂಂ. ಈಗ್ಲೇ ಇಟ್ಟೆ ಕಣ್ರೀ."

"ಇನ್ನೊಂದ್ಸಲ ನೋಡ್ತೀನಿ, ತಾಳು" ಎಂದ. ಅವನ ಹೆಗಲು ಹಿಡಿದುಕೊಂಡು, ಅವನು ಸಾಕು ಅನ್ನುವವರೆಗೂ ಅವಳು ನಿಂತೇ ಇದ್ದಳು.