ಮಗನ ಉಡುದಾರ ಕತ್ತರಿಸಿದರು

"ಅವ್ವ, ನಾನು ಸತ್ತು ಎಷ್ಟು ದಿನ ಆಯ್ತು?" ಎಂದು ನನ್ನ ಮಗ ಕೇಳಿದ. ಮಾನಸಿಕ ಆಸ್ಪತ್ರೆಯ ಬೀಗ ಹಾಕಿದ ವಾರ್ಡಿನಲ್ಲಿ ಅವನ ಎದುರು ಕೂತು, ಮನೆಯಿಂದ ತಂದ ರಾಗಿಮುದ್ದೆ ಮುರಿಯುತ್ತಿದ್ದೆ. ಅವನು ಅಂಗಿ ಎತ್ತಿ ಬರಿ ಸೊಂಟ ತೋರಿಸಿದ. ಉಡುದಾರ ಇರಲಿಲ್ಲ. ನಮ್ಮ ಕಡೆ ಗಂಡಸಿನ ಉಡುದಾರ ತೆಗೆಯುವುದು ಅವನು ಹೆಣವಾದ ಮೇಲೆಯೇ.

ನರ್ಸಮ್ಮನನ್ನು ಕರೆದು, ಯಾರು ಕಿತ್ತಿದ್ದು ಎಂದು ಜಗಳ ತೆಗೆದೆ. ಅವಳು ಸಿಟ್ಟಾಗಲಿಲ್ಲ. "ನಾನೇ ಕಣಜ್ಜಿ ಕತ್ತರಿಸಿದ್ದು. ಇಲ್ಲಿ ಯಾರ ಮೈಮೇಲೂ ದಾರ ಬಿಡಂಗಿಲ್ಲ. ಕುತ್ತಿಗೆಗೆ ಬಿಗ್ಕೊಂಡ್ರೆ ಏನ್ಮಾಡ್ಲಿ?" ಎಂದಳು. ಜಗಳ ಅಲ್ಲಿಗೇ ಬಿಟ್ಟೆ. ಕುರಿಹಟ್ಟಿಯಲ್ಲಿ ಅವನ ಕೊರಳಿನ ಹಗ್ಗ ಕೊಯ್ದು ಇಳಿಸಿ, ಇಲ್ಲಿಗೆ ತಂದು ಸೇರಿಸಿದವಳು ನಾನೇ.

"ಉಣ್ಣು ಮಗ, ನೀನು ಬದುಕಿದೀಯ" ಎಂದೆ.

"ಸತ್ತೋರಿಗೆ ಎಡೆ ಇಕ್ಕಿ, ಬಾಗಿಲು ಮುಂದಕ್ಕೆ ಹಾಕ್ಕೊಂಡು ಹೋಗ್ಬೇಕು ಕಣವ್ವ. ಹಿಂಗೆ ಕೂತು ನೋಡಬಾರದು" ಎಂದು ನನಗೇ ಬುದ್ಧಿ ಹೇಳಿದ. ತುತ್ತನ್ನು ತುಟಿಗೆ ಒತ್ತಿದೆ. ಕಚ್ಚಿದ ಹಲ್ಲು ಬಿಚ್ಚಲಿಲ್ಲ. ನಾಲ್ಕು ದಿನದಿಂದ ಹೀಗೇ ಇದ್ದಾನಂತೆ. ಇನ್ನು ಮೂಗಿಗೆ ಪೈಪು ಹಾಕಿ ಗಂಜಿ ಬಿಡಬೇಕು, ನಿಮ್ಮ ಒಪ್ಪಿಗೆ ಬೇಕು ಎಂದಳು ನರ್ಸಮ್ಮ. ಕೈಕಾಲು ಹಿಡಿದುಕೊಂಡೇ ಹಾಕಬೇಕಾಗುತ್ತದೆ ಎಂದೂ ಹೇಳಿದಳು. ಹಾಕಿ ಎಂದು ಕಾಗದಕ್ಕೆ ರುಜು ಗೀಚಿ ಹೊರಗೆ ಬಂದೆ.

ನಮ್ಮೂರು ಯಗಟಿಯಲ್ಲಿ ಬಸ್ಸು ಇಳಿದಾಗ, ಮಗ ಹೆಂಗವ್ನೆ ಎಂದು ಜನ ಕೇಳಿದರು. ಬದುಕಿದ್ದಾನೆ ಎನ್ನಲು ನನಗೆ ನಾಲಿಗೆ ಏಳಲಿಲ್ಲ.