ಕ್ರೀಮಕ್ಕನ ಸ್ಪೆಲಿಂಗು

ಬೇಕರಿಯ ಹಿಂದಿನ ಕೋಣೆಗೆ ಕಿಟಕಿಯಿಲ್ಲ. ಒಂದು ಕಡೆ ಓವನ್ನಿನ ಉರಿ, ಇನ್ನೊಂದು ಕಡೆ ಫ್ರಿಜ್ಜಿನ ಗುಂಯ್ ಸದ್ದು, ನಡುವೆ ಮೇಜಿಗೆ ಬಗ್ಗಿ ನಿಂತ ಕ್ರೀಮಕ್ಕ. ಕೇಕಿನ ಮೇಲೆ ಕ್ರೀಮಿನಲ್ಲಿ ಹೆಸರು ಬರೆಯುವವಳಾದ್ದರಿಂದ ಆ ಅಡ್ಡಹೆಸರು ಅಂಟಿಕೊಂಡಿತ್ತು. ಬರೆಯುತ್ತಿದ್ದಳು ಎನ್ನುವುದೂ ದೊಡ್ಡ ಮಾತೇ. ಗಿರಾಕಿಗಳು ಚೀಟಿಯಲ್ಲಿ ಕೊಟ್ಟ ಇಂಗ್ಲಿಷನ್ನು ಹೂಬಳ್ಳಿ ಬಿಡಿಸಿದ ಹಾಗೆ ನೋಡಿ ನೋಡಿ ಬಿಡಿಸುತ್ತಿದ್ದಳು, ಅಷ್ಟೆ.

ಮುಂದಿನ ಕೌಂಟರಿನಿಂದ ಬೀದಿ ಕಾಣುತ್ತದೆ, ಗಾಳಿಯಾಡುತ್ತದೆ, ನಾಲ್ಕು ಜನರ ಮುಖ ನೋಡಬಹುದು. ಅಲ್ಲಿ ಕೂರಲು ಅವಳ ಜೀವ ಹಾತೊರೆಯುತ್ತಿತ್ತು. ಫೋನಿನಲ್ಲಿ ಹೇಳಿದ್ದನ್ನು ಇಂಗ್ಲಿಷಿನಲ್ಲಿ ತಪ್ಪಿಲ್ಲದೆ ಬರೆಯಲು ಕಲಿತರೆ ಕೌಂಟರು ನಿಮ್ಮದೇ ಎಂದು ಮಾಲೀಕರು ಮಾತು ಕೊಟ್ಟಿದ್ದರು.

ಮನೆಯಲ್ಲಿ ನಾದಿನಿ ಶಾಲೆಯ ಟೀಚರು. ತರಕಾರಿ ಹೆಚ್ಚುತ್ತಲೇ ಪಾಠ ಶುರುವಾಯಿತು. ಹೇಳಿದ್ದನ್ನೇ ಬರೆಯುವ ಭಾಷೆಯಲ್ಲಿ ಬೆಳೆದವಳಿಗೆ ತಲೆ ಚಿಟ್ಟು ಹಿಡಿಯಿತು. ಕೇಕ್ ಎನ್ನುವ ಪದದ ಕೊನೆಗೆ ಒಂದು ಇ ಇದೆಯಂತೆ, ಆದರೆ ಓದುವ ಹಾಗಿಲ್ಲವಂತೆ. ಹಿಂದಿನ ಸ್ವರವನ್ನು ಎಳೆಯುವುದಷ್ಟೇ ಅದರ ಕೆಲಸ. ನೋಟ್ ಎಂಬಲ್ಲಿ ಓ ಉದ್ದವಾಗುವುದೂ ಅದರಿಂದಲೇ. ಕಪ್, ಬಸ್ ಥರ ಗಿಡ್ಡ ಸದ್ದು ಬಂದರೆ ಯು. ಬಾಯಿಲ್ಲದ ಅಕ್ಷರಕ್ಕೆ ಇಷ್ಟೊಂದು ದರ್ಬಾರೇ ಎಂದು ಗೊಣಗುತ್ತಲೇ ಕ್ರೀಮಕ್ಕ ಎಲ್ಲವನ್ನೂ ಬಾಯಿಪಾಠ ಮಾಡಿದಳು.

ಪರೀಕ್ಷೆಯ ಗಳಿಗೆಯೂ ಬಂತು. ಒಂದು ಜೋಡಿಯ ಮದುವೆ ವಾರ್ಷಿಕೋತ್ಸವದ ಕೇಕು. ದೊಡ್ಡದಾಗಿ ಲವ್ ಎಂದು ಬರೆಯಬೇಕು, ಫೋನಿನಲ್ಲಿ ಬಂದ ಆರ್ಡರು, ಚೀಟಿ ಇಲ್ಲ ಎಂದರು ಮಾಲೀಕರು. ಎಷ್ಟೋ ಸಲ ಬಿಡಿಸಿದ ಪದ. ಎಲ್, ಓ, ವಿ, ಇ ಎಂದು ಕೈಗೆ ಗೊತ್ತಿತ್ತು, ತಲೆ ಒಪ್ಪಲಿಲ್ಲ. ಕೊನೆಗೆ ಇ ಬಂದರೆ ಲೋವ್ ಆಗಬೇಕಲ್ಲ? ಇಷ್ಟು ದಿನ ಗಿರಾಕಿಗಳೇ ಪಾಪ ತಪ್ಪು ಬರೆದುಕೊಟ್ಟಿದ್ದಾರೆ ಎಂದು ಕನಿಕರಪಟ್ಟು, ಎಲ್, ಯು, ವಿ ಎಂದು ಧೈರ್ಯವಾಗಿ ಬರೆದಳು.

ಸಂಜೆ ವಿಷಯ ಕೇಳಿ ನಾದಿನಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಲವ್, ಗಿವ್, ಹ್ಯಾವ್ ಇವೆಲ್ಲ ಆ ನಿಯಮಕ್ಕೆ ಜಗ್ಗದ ಪದಗಳು. ಪದದ ಕೊನೆಯಲ್ಲಿ ವಿ ಒಂದೇ ನಿಲ್ಲದು, ಜೊತೆಗೆ ಇ ಬೇಕು ಎಂದು ವಿವರಿಸಿದಳು. ಕೌಂಟರು ಕೈತಪ್ಪಿತು ಎಂದುಕೊಂಡೇ ಕ್ರೀಮಕ್ಕ ಮರುದಿನ ಕೆಲಸಕ್ಕೆ ಹೋದಳು.

ಮಾಲೀಕರ ಮುಖ ಮಾತ್ರ ಅರಳಿತ್ತು. ಗಂಡಹೆಂಡತಿಗೆ ಅದು ಹೊಸ ಫ್ಯಾಷನ್ನಾಗಿ ಕಂಡಿತ್ತಂತೆ. ಕೇಕಿನ ಫೋಟೊ ಫೋನಿಂದ ಫೋನಿಗೆ ಹಾರಿ, ಬೆಳಗಿನಿಂದ ಅದೇ ಬೇಕು ಅಂತ ಆರ್ಡರಿನ ಮೇಲೆ ಆರ್ಡರು.

"ಅದು ತಪ್ಪು ಸಾರ್. ಸರಿಯಾಗಿ ಬರೆಯೋದು ಈಗ ನಂಗೆ ಗೊತ್ತು."

"ತಪ್ಪೇ ಓಡ್ತಾ ಇದೆಯಲ್ಲಮ್ಮ. ನೀವು ಮುಂದೆ ಹೋಗಿ ಕೂತ್ರೆ ಇದನ್ನ ಬರೆಯೋರು ಯಾರು? ಕೌಂಟರಿಗೆ ಬೇರೆ ಯಾರನ್ನಾದ್ರೂ ನೋಡ್ತೀನಿ."

ಅವರು ಹೊರಗೆ ಹೋದರು. ಕ್ರೀಮಕ್ಕನಿಗೆ ಅಳು ಒತ್ತರಿಸಿ ಬಂತು. ಕಲಿತದ್ದೇ ತನ್ನನ್ನು ಇಲ್ಲಿ ಕಟ್ಟಿಹಾಕಿತಲ್ಲ. ಕಣ್ಣೊರೆಸಿಕೊಂಡು ಕ್ರೀಮಿನ ಕೋನ್ ಎತ್ತಿಕೊಂಡಳು. ಎಲ್ ಬರೆದಳು. ಬಾಯಲ್ಲಿ ಓ ಎಂದಳು, ಕೈಯಲ್ಲಿ ಯು ಬರೆದಳು.