ಬೀಡಿ ತೆಗೆದು ಚಾಕ್‌ಪೀಸ್ ಇಟ್ಟೆ

ಟಿಂಗ್. ಊಟದ ಮಧ್ಯೆ, ಪ್ರಾರ್ಥನೆಯ ಮಧ್ಯೆ, ಟಿಂಗ್. ನನ್ನ ಉತ್ತರವನ್ನು ಎಲ್ಲೋ ಯಾರೋ ಮೆಚ್ಚಿದರೆಂದು ಫೋನು ಮಾಡುತ್ತಿದ್ದ ಸದ್ದು. ರಿಟೈರಾದ ಮ್ಯಾಥ್ಸ್ ಟೀಚರ್ ನಾನು, ಉಡುಪಿಯ ಫ್ಲ್ಯಾಟಿನಲ್ಲಿ ಅದಕ್ಕಾಗಿ ಕಾಯುತ್ತಿದ್ದೆ.

ವಿದ್ಯಾರ್ಥಿಗಳು ಪ್ರಶ್ನೆ ಹಾಕುವ ಎರಡು ಆನ್‌ಲೈನ್ ಫೋರಮ್‌ಗಳಲ್ಲಿ ನಾನಿದ್ದೆ. ಒಂದು ಇಂಗ್ಲಿಷಿನದು, ದೇಶವಿಡೀ ನೋಡುವಂಥದ್ದು. ಅಲ್ಲಿ ನನಗೊಂದು ಸ್ಟೈಲಿಶ್ ಅಡ್ಡಹೆಸರು, ಅದು ನಾನೆಂದು ಯಾರಿಗೂ ಗೊತ್ತಿರಲಿಲ್ಲ. ಇನ್ನೊಂದನ್ನು ಮಣಿಪಾಲದಲ್ಲಿ ಓದುತ್ತಿದ್ದ ನನ್ನ ಹಳೆಯ ಶಿಷ್ಯೆ, ಕಾಪುವಿನ ಮೀನುಗಾರರ ಮನೆಯವಳು, ಕನ್ನಡ ಮೀಡಿಯಮ್ಮಿನ ಮಕ್ಕಳಿಗೆಂದು ನಡೆಸುತ್ತಿದ್ದಳು. ಅಲ್ಲಿ ಉತ್ತರಿಸಿದರೆ ಒಂದೋ ಎರಡೋ "ಥ್ಯಾಂಕ್ಸ್ ಮಿಸ್".

"ನಿನ್ನದಕ್ಕೆ ಜನವೇ ಇಲ್ಲವಲ್ಲ ಮಾರಾಯ್ತಿ!"

"ನೀವು ಇದ್ದೀರಲ್ಲ ಮಿಸ್, ಸಾಕು."

ಒಮ್ಮೆ ಅವಳು ನನ್ನ ಮನೆಗೆ ಕರೆತಂದಿದ್ದ, ಹತ್ತನೇ ಕ್ಲಾಸಿನ ಕಾರ್ಕಳದ ಹುಡುಗಿ ಆ ಸಣ್ಣ ಫೋರಮ್ಮಿನಲ್ಲಿ ಫೋಟೋ ಹಾಕಿದಳು. ಅಮ್ಮ ಕಟ್ಟಿದ ಬೀಡಿಗಳನ್ನು ಒಂದು, ಎರಡು, ಮೂರು ಎಂದು ಹತ್ತರವರೆಗೆ ಮೆಟ್ಟಿಲಿನಂತೆ ಜೋಡಿಸಿ, ಅಂಥದ್ದೇ ಇನ್ನೊಂದು ಮೆಟ್ಟಿಲನ್ನು ತಲೆಕೆಳಗಾಗಿ ಕೂಡಿಸಿದ್ದಳು. ಆಯತವಾಗಿತ್ತು. ಅದರ ಅರ್ಧವೇ ಒಂದರಿಂದ ಹತ್ತರವರೆಗಿನ ಮೊತ್ತ. ಆ ಸೂತ್ರವನ್ನು ವರ್ಷಗಟ್ಟಲೆ ಬೋರ್ಡಿನ ಮೇಲೆ ಬರೆದ ನಾನು ಒಮ್ಮೆಯೂ ಹೀಗೆ ತೋರಿಸಿರಲಿಲ್ಲ.

ಮರುದಿನ ಆ ಉಪಾಯವನ್ನು ಇಂಗ್ಲಿಷಿನಲ್ಲಿ ಬರೆದು ದೊಡ್ಡ ಫೋರಮ್ಮಿಗೆ ನನ್ನದೆಂದು ಹಾಕಿದೆ. ಬೀಡಿ ಡೀಸೆಂಟಾಗಿ ಕಾಣದೆಂದು ಫೋಟೋಕ್ಕೆ ಚಾಕ್‌ಪೀಸ್ ಇಟ್ಟೆ. ಇಡೀ ದಿನ ಟಿಂಗ್ ಟಿಂಗ್.

ವಾರದೊಳಗೆ ಸಣ್ಣ ಫೋರಮ್ಮಿನ ಮಕ್ಕಳು ಅದನ್ನು ನೋಡಿದರು. ತಾರೀಕು ಯಾರೂ ನೋಡಲಿಲ್ಲ. ಅಷ್ಟು ಲೈಕು ಬಿದ್ದದ್ದೇ ಒರಿಜಿನಲ್.

"ಎಂತ, ಚಾಕ್‌ಪೀಸಿನ ಬದಲು ಬೀಡಿ ಇಟ್ಟರೆ ನಿನ್ನದಾಗ್ತದಾ?" ಎಂದು ಒಬ್ಬಳು ಬರೆದಳು.

"ನಾನು ಕದ್ದದ್ದಲ್ಲ. ಮಿಸ್ ಹತ್ರ ಕೇಳಿ, ನಾನು ಹಾಕಿದ ದಿನವೇ ಅವರು ನೋಡಿದ್ದಾರೆ. ಮಿಸ್ ಈಗ ಆನ್‌ಲೈನ್ ಇದ್ದಾರೆ."

ಹೌದು, ನನ್ನ ಹೆಸರಿನ ಪಕ್ಕ ಹಸಿರು ಚುಕ್ಕೆ ಇತ್ತು. ಟೈಪ್ ಮಾಡಿದೆ, ಅಳಿಸಿದೆ. ಫೋನು ಮಗುಚಿಟ್ಟು ಚಹಾ ಮಾಡಲು ಎದ್ದೆ.

ಆ ಹುಡುಗಿ ಫೋರಮ್ ಬಿಟ್ಟಳು. ಶಿಷ್ಯೆ ಫೋನ್ ಮಾಡಿ, "ಅವಳೇ ಯೋಚಿಸಿ ಮಾಡಿದ್ದಾ, ಇಲ್ಲ ಅದನ್ನು ನೋಡಿ ಮಾಡಿದ್ದಾ, ನಿಮಗೇನಾದರೂ ಗೊತ್ತುಂಟಾ ಮಿಸ್?" ಎಂದು ಕೇಳಿದಾಗ, ಸುಳ್ಳು ಹೇಳಿದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದ ನಾನು ಹೇಳಿದೆ: "ಗೊತ್ತಿಲ್ಲ."

ಮರುವರ್ಷ ಉಡುಪಿಯಲ್ಲಿ ಕಾರ್ಕಳದ ಬಸ್ಸು ಹತ್ತಿದೆ. ದಾರಿಯಲ್ಲಿ ಸಿಗುವ ಮಣಿಪಾಲಕ್ಕೆ ಹೋಗಬೇಕಿತ್ತು, ಸೀಟಿರಲಿಲ್ಲ. "ಮಿಸ್, ಕೂತ್ಕೊಳ್ಳಿ" ಎಂದು ಒಬ್ಬಳು ಎದ್ದಳು. ಅವಳೇ, ಬೀಡಿ ಜೋಡಿಸಿದವಳು.

"ಪಿಯುಸಿಗೆ ಎಂತ ತೆಗೊಂಡಿ?"

"ಆರ್ಟ್ಸ್, ಮಿಸ್. ಮ್ಯಾಥ್ಸ್ ಬೇಡ ಅನ್ನಿಸಿತು."

ನಾನು ಅವಳ ಸೀಟಿನಲ್ಲಿ ಕೂತೇ ಇದ್ದೆ. ಅವಳು ಕಂಬಿ ಹಿಡಿದು ನಿಂತಿದ್ದಳು. ನಾನು ಇಳಿಯುವಾಗ ನನ್ನ ಚೀಲ ಎತ್ತಿಕೊಟ್ಟಳು. "ಥ್ಯಾಂಕ್ಯೂ, ಚೈಲ್ಡ್" ಎಂದೆ. ಅಷ್ಟೇ ಎಂದೆ. ಆಮೇಲೆ ಅವಳನ್ನು ನೋಡಿಲ್ಲ.